ಅತ್ಯಾಚಾರಿಗಿಲ್ಲದ ಬಹಿಷ್ಕಾರ

ಬ್ರೆಜಿಲ್‌ನ ಪೆರ್ನಾಂಬುಕೊ ರಾಜ್ಯದಲ್ಲಿ ಒಂಬತ್ತು ವರ್ಷದ ಬಾಲಕಿಯೊಬ್ಬಳು ಮಲತಂದೆಯ ಅತ್ಯಾಚಾರಕ್ಕೆ ಬಲಿಯಾಗಿ ಅವಳಿ ಮಕ್ಕಳ ಗರ್ಭ ಧರಿಸಿದಳು. ಗರ್ಭ ಮುಂದುವರಿದರೆ ಆಕೆಯ ಪ್ರಾಣಕ್ಕೇ ಅಪಾಯವೆಂದು ವೈದ್ಯರು ನಿರ್ಣಯಿಸಿದರು. 2009ರ ಮಾರ್ಚ್‌ನಲ್ಲಿ ರೆಸಿಫೆ ನಗರದಲ್ಲಿ ಗರ್ಭಪಾತ ನಡೆಯಿತು. ಅತ್ಯಾಚಾರ ಮತ್ತು ಪ್ರಾಣಾಪಾಯದ ಸಂದರ್ಭಗಳಲ್ಲಿ ಆ ದೇಶದ ಕಾನೂನು ಇದಕ್ಕೆ ಅವಕಾಶ ನೀಡುತ್ತದೆ. ಆದರೆ ಅಲ್ಲಿನ ಆರ್ಚ್‌ಬಿಷಪ್ ಜೋಸೆ ಕಾರ್ಡೋಸೊ ಸೊಬ್ರಿನ್ಹೊ, ಬಾಲಕಿಯ ತಾಯಿಯೂ ವೈದ್ಯರೂ ಕ್ಯಾಥೊಲಿಕ್ ಧರ್ಮಸಭೆಯಿಂದ ಬಹಿಷ್ಕೃತರೆಂದು ಸಾರಿದರು. ಬಾಲಕಿ ಅಪ್ರಾಪ್ತ ವಯಸ್ಕಳಾದುದರಿಂದ ಪಾರಾದಳು. ಮಲತಂದೆಗೆ ಮಾತ್ರ ಬಹಿಷ್ಕಾರವಿಲ್ಲ! ಅವನದು ಘೋರ ಅಪರಾಧವೇ ಸರಿ, ಆದರೆ ಗರ್ಭಪಾತ ಅದಕ್ಕಿಂತಲೂ ಘೋರವೆಂಬುದು ಆರ್ಚ್‌ಬಿಷಪರ ಸಮಜಾಯಿಷಿ.

ಬಹಿಷ್ಕೃತನಾದವನು ಪರಮಪ್ರಸಾದವನ್ನೂ ಇತರ ಸಂಸ್ಕಾರಗಳನ್ನೂ ಸ್ವೀಕರಿಸುವಂತಿಲ್ಲ. ಇದು ಶಿಕ್ಷೆಯಲ್ಲ, ಪಶ್ಚಾತ್ತಾಪಕ್ಕೆ ಪ್ರೇರೇಪಿಸುವ ಔಷಧಿ ಎಂದು ಧರ್ಮಸಭೆ ವಿವರಿಸುತ್ತದೆ. ತಾನು ಯಾರನ್ನೂ ಹೊರಹಾಕಲಿಲ್ಲ, 1983ರ ಧರ್ಮಸಂಹಿತೆಯಂತೆ ಗರ್ಭಪಾತಕ್ಕೆ ಬಹಿಷ್ಕಾರ ತಾನಾಗಿಯೇ ಅನ್ವಯವಾಗುತ್ತದೆ ಎಂದೂ ಆರ್ಚ್‌ಬಿಷಪ್ ವಾದಿಸಿದರು. ಆದರೆ ಪ್ರಶ್ನೆಯಿರುವುದೇ ಅಲ್ಲಿ. ಹೀಗೆ ತಾನಾಗಿ ಬಹಿಷ್ಕಾರ ತರುವ ಅಪರಾಧಗಳಲ್ಲಿ ಧರ್ಮಭ್ರಷ್ಟತೆಯಿದೆ, ಪೋಪರ ಮೇಲಿನ ಹಲ್ಲೆಯಿದೆ. ಮಗುವಿನ ಮೇಲಿನ ಅತ್ಯಾಚಾರವಿಲ್ಲ. ಔಷಧಿಯೇ ಆಗಿದ್ದರೆ, ಅದರ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಯಾರಿಗಿತ್ತು?

ಅದೇ ವರ್ಷದ ಜನವರಿಯಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟ್, 1988ರಲ್ಲಿ ಪೋಪರ ಅನುಮತಿಯಿಲ್ಲದೆ ಅಭಿಷಿಕ್ತರಾಗಿದ್ದ ನಾಲ್ವರು ಬಿಷಪರ ಬಹಿಷ್ಕಾರವನ್ನು ಹಿಂತೆಗೆದುಕೊಂಡಿದ್ದರು. ಅವರಲ್ಲೊಬ್ಬರಾದ ರಿಚರ್ಡ್ ವಿಲಿಯಮ್ಸನ್, ಯಹೂದಿಗಳನ್ನು ಕೊಂದ ನಾಜಿ ಅನಿಲ ಕೋಣೆಗಳೇ ಇರಲಿಲ್ಲವೆಂದು ಟಿವಿ ಸಂದರ್ಶನದಲ್ಲಿ ಹೇಳಿದವರು. ಬಹಿಷ್ಕಾರಕ್ಕೂ ಈ ಹೇಳಿಕೆಗೂ ಸಂಬಂಧವಿರಲಿಲ್ಲ ನಿಜ. ಆದರೆ ಅಧಿಕಾರ ಮೀರಿದವರಿಗಾಗಿ ತೆರೆದ ಬಾಗಿಲು, ಮಗಳ ಪ್ರಾಣಕ್ಕಾಗಿ ಕಂಗಾಲಾದ ತಾಯಿಯ ಮುಂದೆ ಎರಡೇ ತಿಂಗಳೊಳಗೆ ಮುಚ್ಚಿದ್ದನ್ನು ಜಗತ್ತು ಕಂಡಿತು.

ಧರ್ಮಸಭೆಯೊಳಗೇ ಆಕ್ಷೇಪಗಳೆದ್ದವು. ವ್ಯಾಟಿಕನ್ನಿನ ಆರ್ಚ್‌ಬಿಷಪ್ ರೀನೊ ಫಿಸಿಕೆಲ್ಲ, ಮೊದಲು ಆ ಬಾಲಕಿಗೆ ಆಸರೆಯಾಗಬೇಕಿತ್ತೆಂದು ವ್ಯಾಟಿಕನ್ ಪತ್ರಿಕೆಯಲ್ಲೇ ಬರೆದರು. ಆದರೆ ನಿಯಮ ಕದಲಲಿಲ್ಲ. 2021ರಲ್ಲಿ ದಂಡಸಂಹಿತೆ ಪರಿಷ್ಕರಣೆಗೊಂಡು, ಮಕ್ಕಳ ಮೇಲೆ ದೌರ್ಜನ್ಯವೆಸಗುವ ಪಾದ್ರಿಗಳ ಪದಚ್ಯುತಿಗೆ ಸ್ಪಷ್ಟ ಅವಕಾಶ ದೊರೆಯಿತು. ತಾನಾಗಿ ಅನ್ವಯಿಸುವ ಬಹಿಷ್ಕಾರ ಮಾತ್ರ ಗರ್ಭಪಾತಕ್ಕೆ ಉಳಿಯಿತು, ಈ ದೌರ್ಜನ್ಯಕ್ಕೆ ಬರಲಿಲ್ಲ.

ಭ್ರೂಣವೂ ಜೀವವೇ ಎಂಬ ಧರ್ಮಸಭೆಯ ನಂಬಿಕೆಯನ್ನು ಇಲ್ಲಿ ಯಾರೂ ಹೀಗಳೆಯಬೇಕಾಗಿಲ್ಲ. ಅನುಯಾಯಿಗಳನ್ನು ಶಿಸ್ತಿನಲ್ಲಿಡುವ ಹಕ್ಕೂ ಪ್ರತಿಯೊಂದು ಧರ್ಮಕ್ಕಿದೆ. ಆದರೆ ದುರ್ಬಲರ ಮೇಲೆ ತಕ್ಷಣ ಎರಗಿ, ಅವರನ್ನು ಹಿಂಸಿಸಿದವನ ಮುಂದೆ ಮೌನ ತಾಳುವ ಶಿಸ್ತು ಯಾರ ಮನಸ್ಸಾಕ್ಷಿಯನ್ನು ತಿದ್ದೀತು?