ಕಾಗದದ ಹೊಗೆ, ರಸ್ತೆಯ ಹೊಗೆ

ಶಾಲೆಗೆ ವಿದ್ಯಾಧಿಕಾರಿಗಳು ತಪಾಸಣೆಗೆ ಬರುವ ದಿನ ಅಂಗಳ ಗುಡಿಸಿರುತ್ತದೆ, ಹಾಜರಿ ಪುಸ್ತಕ ಅಚ್ಚುಕಟ್ಟಾಗಿರುತ್ತದೆ, ಮುಂದಿನ ಬೆಂಚಿನಲ್ಲಿ ಜಾಣ ಮಕ್ಕಳೇ ಕುಳಿತಿರುತ್ತಾರೆ. ಆ ಒಂದು ದಿನದ ವರದಿಯಿಂದ ವರ್ಷದ ಉಳಿದ ದಿನಗಳ ಪಾಠಪ್ರವಚನವನ್ನು ಅಳೆಯಲಾಗದೆಂಬುದನ್ನು ನಮ್ಮ ವಾಚಕರಿಗೆ, ಅದರಲ್ಲೂ ಅಧ್ಯಾಪಕ ಬಂಧುಗಳಿಗೆ, ನಾವು ಹೇಳಬೇಕಾಗಿಲ್ಲ. ಆದರೆ ಕಾರುಗಳ ಹೊಗೆಯ ವಿಷಯದಲ್ಲಿ ಜಗತ್ತಿನ ಹಲವು ಸರಕಾರಗಳು ದಶಕಗಳ ಕಾಲ ಇಂಥ ತಪಾಸಣೆಯ ದಿನವನ್ನೇ ನಂಬಿ ಕುಳಿತಿದ್ದವೆಂಬುದು ಶೋಚನೀಯ ಸಂಗತಿ.

ಹೊಸ ಮಾದರಿಯ ಕಾರು ಮಾರಾಟಕ್ಕೆ ಬರುವ ಮೊದಲು ಅದನ್ನು ಪ್ರಯೋಗಶಾಲೆಯೊಳಗೆ ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗದಲ್ಲಿ ಓಡಿಸಿ, ಹೊರಬರುವ ಅನಿಲಗಳನ್ನು ಅಳೆಯುತ್ತಾರೆ. ಯುರೋಪಿನಲ್ಲಿ 2017ರ ವರೆಗೆ ಹೊಸ ಮಾದರಿಗಳಿಗೆ ನಡೆಯುತ್ತಿದ್ದ ಈ ಪರೀಕ್ಷೆ 20 ನಿಮಿಷದೊಳಗೆ ಮುಗಿಯುತ್ತಿತ್ತು. ಓಟ ಸುಮಾರು 11 ಕಿ.ಮೀ., ಸರಾಸರಿ ವೇಗ ಗಂಟೆಗೆ ಸುಮಾರು 34 ಕಿ.ಮೀ. ಘಾಟಿ ಏರುವುದಿಲ್ಲ, ಸಾಮಾನು ತುಂಬುವುದಿಲ್ಲ, ಎ.ಸಿ. ಹಾಕುವುದಿಲ್ಲ. ನಮ್ಮ ದೇಶವೂ ಇದೇ ಪರೀಕ್ಷೆಯನ್ನು, ಗರಿಷ್ಠ ವೇಗವನ್ನು 120ರಿಂದ 90 ಕಿ.ಮೀ.ಗೆ ಇಳಿಸಿ, ಅಳವಡಿಸಿಕೊಂಡಿತು. ಪರೀಕ್ಷೆಯ ಪ್ರಶ್ನೆಪತ್ರಿಕೆ ಮೊದಲೇ ಕೈಯಲ್ಲಿರುವಾಗ ತೇರ್ಗಡೆಯಾಗುವುದು ಕಷ್ಟವೇ?

ಈ ಏರ್ಪಾಡಿನ ಪೊಳ್ಳುತನ ಬಯಲಾದದ್ದು ಅಮೆರಿಕದಲ್ಲಿ. ಶುದ್ಧ ಸಾರಿಗೆಗಾಗಿ ಕೆಲಸ ಮಾಡುವ ಅಂತಾರಾಷ್ಟ್ರೀಯ ಸಂಸ್ಥೆಯೊಂದರ ನೆರವಿನಿಂದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಮೂರು ಡೀಸೆಲ್ ಕಾರುಗಳ ಡಿಕ್ಕಿಯಲ್ಲಿ ಅಳತೆಯ ಉಪಕರಣಗಳನ್ನಿಟ್ಟು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿದರು. ಡಾನ್ ಕಾರ್ಡರ್ ನೇತೃತ್ವದ ಆ ಚಿಕ್ಕ ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಎಂಬ ವಿದ್ಯಾರ್ಥಿಯೂ ಇದ್ದರೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಯಾರನ್ನೂ ಹಿಡಿದುಹಾಕುವ ಉದ್ದೇಶ ಅವರಿಗಿರಲಿಲ್ಲ. ಅಮೆರಿಕದ ಕಟ್ಟುನಿಟ್ಟಿನ ನಿಯಮದಡಿ ಡೀಸೆಲ್ ಕಾರುಗಳು ರಸ್ತೆಯಲ್ಲೂ ಶುದ್ಧವಾಗಿರಬಲ್ಲವೆಂದು ಯುರೋಪಿಗೆ ತೋರಿಸಬೇಕೆಂಬುದೇ ಹಣ ಕೊಟ್ಟವರ ಇಚ್ಛೆಯಾಗಿತ್ತು. ಆದರೆ ಫೋಕ್ಸ್‌ವ್ಯಾಗನ್ ಕಂಪೆನಿಯ ಜೆಟ್ಟಾ ಕಾರು ನೈಟ್ರೋಜನ್ ಆಕ್ಸೈಡುಗಳನ್ನು ಮಿತಿಗಿಂತ 15ರಿಂದ 35 ಪಟ್ಟು, ಪಸಾಟ್ ಕಾರು 5ರಿಂದ 20 ಪಟ್ಟು ಉಗುಳಿದವು. ಮೂರನೆಯದಾದ ಬಿ.ಎಂ.ಡಬ್ಲ್ಯು. ಕಾರು ಬಹುಮಟ್ಟಿಗೆ ಮಿತಿಯೊಳಗೇ ಇತ್ತು. ಎಂದ ಮೇಲೆ ನಿಯಮ ಪಾಲಿಸುವುದು ಅಸಾಧ್ಯವೇನೂ ಆಗಿರಲಿಲ್ಲ.

2014ರ ಮೇ ತಿಂಗಳಲ್ಲಿ ವರದಿ ಹೊರಬಂದಾಗ ಕಂಪೆನಿ ತಾಂತ್ರಿಕ ಕಾರಣಗಳನ್ನು ಮುಂದೊಡ್ಡಿತು. ಕೊನೆಗೆ ಹೊಸ ಮಾದರಿಗಳಿಗೆ ಅನುಮತಿಯೇ ಸಿಗದೆಂಬ ಸ್ಥಿತಿ ಬಂದಾಗ, 2015ರ ಸೆಪ್ಟೆಂಬರಿನಲ್ಲಿ, ಸತ್ಯ ಒಪ್ಪಿಕೊಂಡಿತು. ಸ್ಟೀಯರಿಂಗ್ ಚಕ್ರದ ಸ್ಥಾನ, ವೇಗ, ಇಂಜಿನ್ ಓಡಿದ ಅವಧಿ, ಗಾಳಿಯ ಒತ್ತಡ ಇವನ್ನೆಲ್ಲ ಗಮನಿಸಿ ತಾನೀಗ ಪ್ರಯೋಗಶಾಲೆಯಲ್ಲಿದ್ದೇನೆಂದು ತಿಳಿದುಕೊಳ್ಳುವ ಗಣಕ ತಂತ್ರ ಆ ಕಾರುಗಳಲ್ಲಿತ್ತು. ತಪಾಸಣೆಯ ಹೊತ್ತಿಗೆ ಹೊಗೆ ಶುದ್ಧೀಕರಿಸುವ ವ್ಯವಸ್ಥೆ ಪೂರ್ತಿಯಾಗಿ ಕೆಲಸ ಮಾಡುವುದು, ರಸ್ತೆಗಿಳಿದರೆ ಅದರ ಬಹುಭಾಗ ವಿಶ್ರಾಂತಿ ಪಡೆಯುವುದು! ಜಗತ್ತಿನಾದ್ಯಂತ ಇಂಥ ಸುಮಾರು 1 ಕೋಟಿ 10 ಲಕ್ಷ ವಾಹನಗಳಿದ್ದವು. ಮುಖ್ಯಾಧಿಕಾರಿ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ಟರು. 2017ರಲ್ಲಿ ಕಂಪೆನಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 430 ಕೋಟಿ ಡಾಲರು ದಂಡಕ್ಕೆ ಗುರಿಯಾಯಿತು.

ಒಂದು ಕಂಪೆನಿಯನ್ನು ಹಳಿದು ಸುಮ್ಮನಾಗುವುದು ಸುಲಭ. ಆದರೆ ರೋಗ ಅದಕ್ಕಿಂತ ಆಳವಾದುದು. ಯುರೋಪಿನಲ್ಲಿ ಅತ್ಯಂತ ಹೊಸ ನಿಯಮದಂತೆ ತಯಾರಾದ ಡೀಸೆಲ್ ಕಾರುಗಳನ್ನು ರಸ್ತೆಯಲ್ಲಿ ಅಳೆದು 2014ರಲ್ಲೇ ಪ್ರಕಟವಾದ ಅಧ್ಯಯನದಲ್ಲಿ ಸರಾಸರಿ ಮಾಲಿನ್ಯ ಮಿತಿಯ ಏಳು ಪಟ್ಟು ಇತ್ತು. ಅಲ್ಲಿನ ಎಲ್ಲ ತಯಾರಕರೂ ಕಳ್ಳ ತಂತ್ರ ಅಳವಡಿಸಿದ್ದರೆಂದು ಇದರರ್ಥವಲ್ಲ. ಕಾನೂನು ಎಲ್ಲಿ ಅಳೆಯುತ್ತದೋ ಅಲ್ಲಿ ಮಾತ್ರ ಶುದ್ಧವಾಗಿದ್ದರೆ ಸಾಕೆಂಬ ಮನೋಭಾವ ಉದ್ಯಮದಲ್ಲಿ ಬೇರೂರಿತ್ತೆಂಬುದೇ ಇದರರ್ಥ. ಇಂಧನದ ಉಳಿತಾಯ, ಬಿಡಿಭಾಗಗಳ ಬಾಳಿಕೆ, ಗಿರಾಕಿಯ ಅನುಕೂಲ ಎಲ್ಲವೂ ಲೆಕ್ಕಕ್ಕೆ ಬಂದವು. ದಾರಿಹೋಕನ ಶ್ವಾಸಕೋಶ ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ. ನೈಟ್ರೋಜನ್ ಆಕ್ಸೈಡುಗಳು ಉಸಿರಾಟದ ನಾಳಗಳನ್ನು ಕೆರಳಿಸುತ್ತವೆ, ಉಬ್ಬಸವನ್ನು ಉಲ್ಬಣಗೊಳಿಸುತ್ತವೆ, ಬಿಸಿಲಿನಲ್ಲಿ ಓಝೋನ್ ಉಂಟಾಗಲು ಕಾರಣವಾಗುತ್ತವೆ.

ನಮ್ಮ ದೇಶದ ಕಥೆಯೇನು? ಇದೇ ಕಂಪೆನಿ 2015ರ ಡಿಸೆಂಬರಿನಲ್ಲಿ ಭಾರತದಲ್ಲಿ 3 ಲಕ್ಷಕ್ಕೂ ಮಿಕ್ಕಿದ ಕಾರುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಬೇಕಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮಾರ್ಚಿನಲ್ಲಿ 500 ಕೋಟಿ ರೂಪಾಯಿ ದಂಡ ವಿಧಿಸಿತಾದರೂ ಬಲವಂತದ ವಸೂಲಿಗೆ ಸರ್ವೋಚ್ಚ ನ್ಯಾಯಾಲಯ ಅದೇ ವರ್ಷ ತಡೆ ನೀಡಿತು. ಆಗ ಜಾರಿಯಲ್ಲಿದ್ದ ಭಾರತ್ ಸ್ಟೇಜ್ 4 ನಿಯಮದಲ್ಲಿ ರಸ್ತೆಯ ಮೇಲಿನ ಹೊಗೆಗೆ ಮಿತಿಯೇ ಇಲ್ಲ, ಆದುದರಿಂದ ನಿಯಮೋಲ್ಲಂಘನೆಯೂ ಇಲ್ಲ ಎಂಬುದು ಕಂಪೆನಿಯ ವಾದವಾಗಿತ್ತು. ಈ ವಾದ ಮನಸ್ಸಿಗೆ ಒಪ್ಪದಿರಬಹುದು. ಆದರೆ ಅಂಥ ವಾದಕ್ಕೆ ಎಡೆಮಾಡಿಕೊಟ್ಟದ್ದು ನಮ್ಮ ನಿಯಮವೇ ಎಂಬುದನ್ನು ಮರೆಯುವಂತಿಲ್ಲ.

2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ಜಾರಿಗೆ ಬಂದು, 2023ರ ಏಪ್ರಿಲ್ 1ರಿಂದ ಹೊಸ ಕಾರುಗಳಿಗೆ ರಸ್ತೆಯ ಮೇಲಿನ ಪರೀಕ್ಷೆಯೂ ಕಡ್ಡಾಯವಾದುದು ತಡವಾದರೂ ಸ್ವಾಗತಾರ್ಹ. ಆದರೆ ಆ ದಿನಕ್ಕಿಂತ ಮೊದಲೇ ಮಾರಾಟವಾದ ವಾಹನಗಳು ಇನ್ನೂ ಎಷ್ಟೋ ವರ್ಷ ನಮ್ಮ ಮನೆಮುಂದೆ ಓಡಾಡಲಿವೆ. ಅವುಗಳಿಗಿರುವ ತಪಾಸಣೆ ಹೊಗೆ ಪ್ರಮಾಣಪತ್ರ ಒಂದೇ. ಪೆಟ್ರೋಲ್ ವಾಹನವಾದರೆ ನಿಂತಲ್ಲೇ ಕೊಳವೆ ತೂರಿಸಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ನೋಡುತ್ತಾರೆ. ಡೀಸೆಲ್ ವಾಹನವಾದರೆ ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಹೊಗೆಯ ಸಾಂದ್ರತೆ ನೋಡುತ್ತಾರೆ. ಅಮೆರಿಕದಲ್ಲಿ ಇಷ್ಟೊಂದು ಕೋಲಾಹಲಕ್ಕೆ ಕಾರಣವಾದ ನೈಟ್ರೋಜನ್ ಆಕ್ಸೈಡನ್ನು ಈ ತಪಾಸಣೆ ಅಳೆಯುವುದೇ ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ, ಕಪ್ಪು ಹೊಗೆ ಕಾಣಿಸದ ವಾಹನವೆಲ್ಲ ನಿರುಪದ್ರವಿಯಲ್ಲ.

ತಲಪಾಡಿಯಿಂದ ಕಾಲಿಕ್ಕಡವಿನ ವರೆಗೆ ನಮ್ಮ ಜಿಲ್ಲೆಯುದ್ದಕ್ಕೂ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲಿ ಮನೆಗಳಿವೆ, ಅಂಗಡಿಗಳಿವೆ, ಶಾಲೆಗಳಿವೆ. ಬೆಳಗ್ಗೆ ಬಸ್ಸಿಗಾಗಿ ಕಾಯುವ ಮಗುವಿನ ಮೂಗಿನ ಮಟ್ಟದಲ್ಲೇ ವಾಹನಗಳು ಹೊಗೆ ಬಿಡುತ್ತವೆ. ಕಾಗದದ ಭರವಸೆಯನ್ನು ನಂಬಿ ಕೆಟ್ಟವರಿಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲದಲ್ಲೂ ಅದು ಅನುಮತಿ ಪಡೆದ ಔಷಧಿಯೇ ಆಗಿತ್ತು. ಅದರ ಫಲವನ್ನು ಎಣ್ಮಕಜೆಯಂಥ ಊರುಗಳ ಮನೆಮಂದಿ ಇಂದಿಗೂ ಉಣ್ಣುತ್ತಿದ್ದಾರೆ.

ಆದುದರಿಂದ ನಮ್ಮ ಆಗ್ರಹ ಇಷ್ಟೆ. ರಸ್ತೆಯ ಮೇಲಿನ ಪರೀಕ್ಷೆಯ ಫಲಿತಾಂಶ ಮಾದರಿವಾರು ಪ್ರಕಟವಾಗಲಿ. ಕಾರು ಕೊಳ್ಳುವವನಿಗೆ ಮೈಲೇಜು ತಿಳಿಯುವಂತೆ ಅದು ಉಗುಳುವ ವಿಷವೂ ತಿಳಿಯಲಿ. ಓಡುತ್ತಿರುವ ವಾಹನದ ಹೊಗೆಯನ್ನು ರಸ್ತೆಬದಿಯಿಂದಲೇ ಅಳೆಯುವ ಉಪಕರಣಗಳನ್ನು ದೆಹಲಿಯಲ್ಲಿ ಪ್ರಯೋಗಿಸಿ ನೋಡಲಾಗಿದೆ. ಹೆದ್ದಾರಿ ಇರುವ ಜಿಲ್ಲೆಗಳಿಗೂ ಅವು ಬರಲಿ. ಜತೆಗೆ ವಾಹನ ಮಾಲಕರಾದ ನಾವೂ ನಮ್ಮನ್ನು ಕೇಳಿಕೊಳ್ಳಬೇಕಾದುದಿದೆ. ಪ್ರಮಾಣಪತ್ರದ ಹಿಂದಿನ ದಿನ ವರ್ಕ್‌ಶಾಪಿಗೆ ಒಯ್ದು, ಮರುದಿನದಿಂದ ಮರೆತುಬಿಡುವವನು ಮಾಡುವುದೂ ಆ ಕಾರುಗಳು ಮಾಡಿದ ಕೆಲಸವನ್ನೇ ಅಲ್ಲವೇ?