ಗಾಳಿಯಿಂದ ನೀರು, ಚರಂಡಿಯಿಂದ ನೀರು

ಇವತ್ತಿನ ಕಂತಿನಲ್ಲಿ ಅತಿಥಿಗಳಿಲ್ಲ, ಸಂದರ್ಶನವೂ ಇಲ್ಲ. ನಾವೇ ಮಾತಾಡ್ತೀವಿ, ಸ್ವಲ್ಪ ಜಗಳದ ಧಾಟಿಯಲ್ಲಿ. ಜಗಳ ಬೇರೆ ಯಾರ ಮೇಲೂ ಅಲ್ಲ, ನಮ್ಮ ಮೇಲೇ.

ಬೇ ಏರಿಯಾದಲ್ಲಿ ಕೂತು ವಿಜ್ಞಾನದ ಸುದ್ದಿ ಹೇಳೋದು ಬಹಳ ಸುಲಭದ ಕೆಲಸ. ಕೊಲ್ಲಿಯ ಈ ದಡದಲ್ಲಿ ಸ್ಟ್ಯಾನ್‌ಫರ್ಡ್, ಆ ದಡದಲ್ಲಿ ಬರ್ಕ್ಲಿ. ಹೊಸ ವಸ್ತು, ಹೊಸ ಸೆನ್ಸರ್, ಹೊಸ ಬ್ಯಾಟರಿ ಅಂತ ಸುದ್ದಿ ಬರ್ತಾನೇ ಇರುತ್ತೆ. ಅದರಲ್ಲಿ ಕೇಳಿದ ತಕ್ಷಣ 'ಅಬ್ಬಾ!' ಅನ್ನಿಸೋದನ್ನು ನಾವು ಆರಿಸ್ಕೋತೀವಿ. 2025ರ ಅಕ್ಟೋಬರ್‌ನಲ್ಲಿ ಬರ್ಕ್ಲಿಯ ಒಮರ್ ಯಾಘಿ ಅವರಿಗೆ, ಸುಸುಮು ಕಿಟಗಾವ ಮತ್ತು ರಿಚರ್ಡ್ ರಾಬ್ಸನ್ ಜೊತೆಗೆ, ರಸಾಯನ ವಿಜ್ಞಾನದ ನೊಬೆಲ್ ಬಂದಾಗಲೂ ಹಾಗೇ ಆಯ್ತು. ಮರುಭೂಮಿಯ ಗಾಳಿಯಿಂದ ನೀರು ತೆಗೆಯೋ ಪುಡಿ! ಅದಾದ ಮೇಲೆ ನಮಗೆ ಬಂದ ಸಂದೇಶಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಮಾತಲ್ಲಿ: 'ಇದನ್ನ ಕೋಲಾರಕ್ಕೆ ಕಳಿಸೋಕೆ ಆಗಲ್ವಾ? ನಾವು ದುಡ್ಡು ಹಾಕ್ತೀವಿ.'

ಕೇಳಿದವರ ಮನಸ್ಸು ದೊಡ್ಡದು. ಆದ್ರೆ ಉತ್ತರ ಕೊಡೋಕೆ ಕೂತಾಗ, ಇಷ್ಟು ದಿನ ನಾವು ಹೇಳದೇ ಬಿಟ್ಟ ಲೆಕ್ಕ ಎಷ್ಟು ದೊಡ್ಡದು ಅಂತ ಗೊತ್ತಾಯ್ತು.

ಮೊದಲು ಪುಡಿಯ ವಿಷಯ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುತ್ತೆ, ಬೆಲ್ಲ ಬೆವರುತ್ತೆ. ಗಾಳಿಯ ತೇವ ಹೀರೋದರಲ್ಲಿ ಹೊಸದೇನಿಲ್ಲ. ಕಷ್ಟ ಇರೋದು ಎರಡು ಕಡೆ: ಒಣ ಗಾಳಿಯಲ್ಲೂ ಹೀರಬೇಕು, ಹೀರಿದ್ದನ್ನು ಹೆಚ್ಚು ಉರಿ ಕೇಳದೆ ವಾಪಸ್ ಕೊಡಬೇಕು. ಎಂಒಎಫ್ ಅನ್ನೋ ಈ ವಸ್ತುಗಳಲ್ಲಿ ಲೋಹದ ಪರಮಾಣುಗಳು ಗಂಟುಗಳ ಹಾಗೆ, ಇಂಗಾಲದ ಸಾವಯವ ಅಣುಗಳು ಆ ಗಂಟುಗಳನ್ನು ಜೋಡಿಸೋ ಕಡ್ಡಿಗಳ ಹಾಗೆ. ಒಳಗೆಲ್ಲ ಬರೀ ಗೂಡು. ಕೆಲವೇ ಗ್ರಾಂ ಪುಡಿಯ ಒಳಮೈಯನ್ನು ಬಿಚ್ಚಿ ಹಾಸಿದ್ರೆ ಒಂದು ಫುಟ್‌ಬಾಲ್ ಮೈದಾನದಷ್ಟು ಆಗುತ್ತೆ. ಗೂಡಿನ ಗಾತ್ರ, ಗೋಡೆಯ ಸ್ವಭಾವ ಎರಡನ್ನೂ ಮೊದಲೇ ಯೋಚಿಸಿ ಕಟ್ಟಬಹುದು. ರಾತ್ರಿ ತೇವ ಹೀರುತ್ತೆ, ಹಗಲಿನ ಬಿಸಿಲಿಗೆ ಬಿಡುತ್ತೆ. ಯಾಘಿ ಹುಟ್ಟಿದ್ದು ಜೋರ್ಡಾನಿನ ಅಮ್ಮಾನ್‌ನಲ್ಲಿ, ಪ್ಯಾಲೆಸ್ತೀನಿ ನಿರಾಶ್ರಿತರ ಮನೆಯಲ್ಲಿ. ನಲ್ಲಿಯಲ್ಲಿ ನೀರು ಬರೋ ಕೆಲವೇ ಗಂಟೆಗಳಿಗೆ ಕಾದು ಕೂರ್ತಿದ್ದ ಮಗು. ಆ ಕಥೆ ನಮ್ಮನ್ನೂ ಕಲಕಿತ್ತು. ಬೆಂಗಳೂರಲ್ಲಿ ಬೆಳೆದವರಿಗೆ ಆ ಕಾಯೋದನ್ನ ವಿವರಿಸಬೇಕಿಲ್ಲ.

ಈಗ ಲೆಕ್ಕ. ಯಾಘಿ ತಂಡ 2019ರಲ್ಲಿ ಅಲ್ಯೂಮಿನಿಯಂ ಆಧಾರಿತ ಎಂಒಎಫ್-303 ಬಳಸಿ ಮೊಹಾವಿ ಮರುಭೂಮಿಯಲ್ಲಿ ಒಂದು ಕಿಲೋ ಪುಡಿಗೆ ದಿನಕ್ಕೆ ಸುಮಾರು 0.7 ಲೀಟರ್ ನೀರು ತೆಗೀತು. ಆ ಯಂತ್ರಕ್ಕೆ ವಿದ್ಯುತ್ ಬೇಕಿತ್ತು. 2023ರಲ್ಲಿ ಬರೀ ಬಿಸಿಲಿಂದ ನಡೆಯೋ, ಕೈಯಲ್ಲಿ ಹಿಡಿಯೋ ಸಾಧನ ಮಾಡಿ ಡೆತ್ ವ್ಯಾಲಿಯಲ್ಲಿ ಇಟ್ಟರು. ಅಲ್ಲಿ ಕಿಲೋಗೆ ದಿನಕ್ಕೆ ಹೆಚ್ಚೆಂದ್ರೆ 285 ಗ್ರಾಂ. ಡೆತ್ ವ್ಯಾಲಿಯ ಆ ಬೆಂಕಿಯಲ್ಲಿ ಕರೆಂಟೇ ಇಲ್ಲದೆ ಒಂದು ದೊಡ್ಡ ಲೋಟ ನೀರು! ನಿಜಕ್ಕೂ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಮ್ಮ ದೇಶದ ಜಲಜೀವನ್ ಯೋಜನೆಯ ಗುರಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್. ಈ ಲೆಕ್ಕದಲ್ಲಿ ಒಬ್ಬರಿಗೆ 190 ಕಿಲೋಗಿಂತ ಹೆಚ್ಚು ಪುಡಿ ಬೇಕು. ಕುಡಿಯೋಕೆ ಮಾತ್ರ, ದಿನಕ್ಕೆ 3 ಲೀಟರ್ ಅಂದ್ರೆ, ಹತ್ತೂವರೆ ಕಿಲೋ. ಮುಂದೆ ಈ ಅಂಕಿ ಸುಧಾರಿಸುತ್ತೆ, ಕೋಲಾರದ ಗಾಳಿ ಡೆತ್ ವ್ಯಾಲಿಯಷ್ಟು ಒಣಗಿಲ್ಲ, ಎಲ್ಲ ಒಪ್ಪಿದೆವು. ಗಡಿಯ ಸೈನಿಕರಿಗೆ, ಪ್ರವಾಹದಲ್ಲಿ ಸಿಕ್ಕಿಕೊಂಡವರಿಗೆ, ನಲ್ಲಿ ಎಂದೂ ತಲುಪದ ಒಂಟಿ ಮನೆಗೆ ಇದು ವರವಾಗಬಹುದು. ಆದ್ರೆ ಟೊಮೆಟೊ ಬೆಳೆಯೋ ಒಂದು ಜಿಲ್ಲೆಗೆ?

ಆ ಜಿಲ್ಲೆಗೆ ನಿಜವಾಗಿ ನೀರು ಬಂದಿದ್ದು ಎಲ್ಲಿಂದ? ಬೆಂಗಳೂರಿನ ಚರಂಡಿಯಿಂದ. ಕೋರಮಂಗಲ-ಚಲ್ಲಘಟ್ಟ ಕಣಿವೆ, ಎಲ್ಲರ ಬಾಯಲ್ಲಿ ಕೆ.ಸಿ. ವ್ಯಾಲಿ. ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ನೀರು ಕಳಿಸೋ ಯೋಜನೆ. 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು, ಅಲ್ಲಿಂದ ಕೋಡಿ ಬಿದ್ದು ಒಂದರಿಂದ ಇನ್ನೊಂದಕ್ಕೆ. ಉದ್ದೇಶ ಕುಡಿಯೋದಲ್ಲ, ಕೆರೆ ತುಂಬಿಸಿ ಅಂತರ್ಜಲ ಏರಿಸೋದು. ಇಷ್ಟು ನೀರನ್ನು ಡೆತ್ ವ್ಯಾಲಿ ಲೆಕ್ಕದಲ್ಲಿ ಗಾಳಿಯಿಂದ ತೆಗೀಬೇಕಂದ್ರೆ 15 ಲಕ್ಷ ಟನ್ನಿಗಿಂತ ಹೆಚ್ಚು ಎಂಒಎಫ್ ಬೇಕು. ಹೋಲಿಕೆ ಅನ್ಯಾಯದ್ದು, ಗೊತ್ತು. ಆದ್ರೂ ಒಂದ್ಸಲ ಹಾಕಿ ನೋಡಿದ್ದು ಒಳ್ಳೇದಾಯ್ತು. ಇಷ್ಟು ದೊಡ್ಡ ಪ್ರಯೋಗ ನಮ್ಮದೇ ಊರಲ್ಲಿ ನಡೀತಿರುವಾಗ ನಾವು ಅದರ ಬಗ್ಗೆ ಒಂದು ಕಂತೂ ಮಾಡಿರಲಿಲ್ಲ. ಯಾಕೆ? ಅದರಲ್ಲಿ 'ಅಬ್ಬಾ' ಇರಲಿಲ್ಲ. ಇದ್ದಿದ್ದು 'ಛೀ' ಮಾತ್ರ.

ಈ 'ಛೀ' ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡೋಣ. ಯಾಕಂದ್ರೆ ನಾವು, ಸನ್ನಿವೇಲ್, ಕ್ಯುಪರ್ಟಿನೊ, ಸ್ಯಾನ್ ಹೋಸೆಯಲ್ಲಿ ಮನೆ ಮಾಡಿರೋ ಕನ್ನಡದವರು, ನಿಂತಿರೋ ನೆಲದ ಕಥೆಯೇ ಅದು.

ಸಾಂಟಾ ಕ್ಲಾರಾ ಕಣಿವೆ ಒಂದು ಕಾಲಕ್ಕೆ ಪ್ಲಮ್, ಏಪ್ರಿಕಾಟ್ ತೋಟಗಳ ಊರು. ಬಾವಿ ತೋಡಿದ್ರೆ ನೀರು ತಾನೇ ಚಿಮ್ಮೋ ಕಾಲವೂ ಇತ್ತು. ತೋಟ ಹೆಚ್ಚಿತು, ಪಂಪು ಹೆಚ್ಚಿತು, ನೀರು ಕೆಳಗೆ ಹೋಯ್ತು. ಕೋಲಾರದವರಿಗೆ ಇಲ್ಲಿವರೆಗೂ ಕಥೆ ಬಾಯಿಪಾಠ. ಮುಂದಿನದು ಬೇರೆ: ಇಲ್ಲಿಯ ನೆಲದಡಿ ಮೆತ್ತನೆಯ ಜೇಡಿಮಣ್ಣಿನ ಪದರಗಳು. ನೀರಿನ ಒತ್ತಡ ಇಳಿದಾಗ ಅವು ಕುಗ್ಗಿದವು, ಮೇಲಿದ್ದ ನೆಲ ಕುಸೀತು. 1933ರಲ್ಲಿ ಎತ್ತರ ಅಳೆದಾಗ ಸ್ಯಾನ್ ಹೋಸೆ ಸುಮಾರು 4 ಅಡಿ ತಗ್ಗಿತ್ತು. 1970ರ ಹೊತ್ತಿಗೆ ಒಟ್ಟು 13 ಅಡಿಯಷ್ಟು! ಕೊಲ್ಲಿಯ ಅಂಚಿನ ಆಲ್ವಿಸೊ ಸಮುದ್ರಮಟ್ಟಕ್ಕಿಂತ ಕೆಳಗೆ ಹೋಯ್ತು. ಸ್ಟ್ಯಾನ್‌ಫರ್ಡಿನ ಭೂವಿಜ್ಞಾನಿ ಟೋಲ್ಮನ್ ಮತ್ತು ಜೋಸೆಫ್ ಪೋಲೆಂಡ್ 1940ರಲ್ಲಿ ಬರೆದ ಪ್ರಬಂಧ ಅಂತರ್ಜಲ, ಉಪ್ಪುನೀರಿನ ನುಗ್ಗುವಿಕೆ ಮತ್ತು ನೆಲದ ಕುಸಿತ, ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿತು. ಅದಕ್ಕೂ ಮೊದಲೇ, 1929ರಲ್ಲಿ, ಇಲ್ಲಿಯ ರೈತರು ನೀರಿನ ಜಿಲ್ಲೆ ಕಟ್ಟಿಕೊಂಡಿದ್ದರು. ಮುಂದಿನ ದಶಕದಲ್ಲಿ ಸಣ್ಣ ಸಣ್ಣ ಅಣೆಕಟ್ಟು ಕಟ್ಟಿದರು: ಚಳಿಗಾಲದ ಮಳೆ ಹಿಡಿದಿಟ್ಟು, ನಿಧಾನವಾಗಿ ಹಳ್ಳಕ್ಕೆ ಬಿಟ್ಟು ಇಂಗಿಸೋಕೆ. ಕ್ಯಾಂಪ್‌ಬೆಲ್‌ನ ಲಾಸ್ ಗೇಟೋಸ್ ಕ್ರೀಕ್ ಪಾರ್ಕಿನಲ್ಲಿ ವಾಕಿಂಗ್ ಹೋಗೋರು ಸಾಲಾಗಿರೋ ಕೊಳಗಳನ್ನು ನೋಡಿರ್ತೀರಿ. ಬಾತುಕೋಳಿಗಾಗಿ ಮಾಡಿದ್ದಲ್ಲ ಅವು, ಇಂಗುಗುಂಡಿಗಳು. ಅಂದ್ರೆ ನಮ್ಮ ಕೆರೆ ಮಾಡೋ ಕೆಲಸವೇ. 1965ರಿಂದ ಕಾಲುವೆಯಲ್ಲಿ ಹೊರಗಿನ ನೀರೂ ಬಂತು, 1970ರ ಆಸುಪಾಸಿಗೆ ಕುಸಿತ ನಿಂತಿತು. ಕುಸಿದ 13 ಅಡಿ ಮಾತ್ರ ವಾಪಸ್ ಬರಲಿಲ್ಲ.

ಈಗ ಅದೇ ಆಲ್ವಿಸೊ ಪಕ್ಕದಲ್ಲಿ, ಸ್ಯಾನ್ ಹೋಸೆಯ ಕೊಳಚೆ ನೀರಿನ ಘಟಕಕ್ಕೆ ಹೊಂದಿಕೊಂಡು, 2014ರಲ್ಲಿ ಶುರುವಾದ ಸಿಲಿಕಾನ್ ವ್ಯಾಲಿ ಅಡ್ವಾನ್ಸ್ಡ್ ವಾಟರ್ ಪ್ಯೂರಿಫಿಕೇಶನ್ ಸೆಂಟರ್ ಇದೆ. ಎರಡು ಹಂತ ದಾಟಿ ಬಂದ ಚರಂಡಿ ನೀರನ್ನು ಇಲ್ಲಿ ಸೂಕ್ಷ್ಮ ಜರಡಿ, ಆಮೇಲೆ ಆರ್‌ಓ, ಆಮೇಲೆ ಅತಿನೇರಳೆ ಬೆಳಕು, ಹೀಗೆ ಮೂರು ಬಾಗಿಲು ದಾಟಿಸ್ತಾರೆ. ದಿನಕ್ಕೆ ಸುಮಾರು 3 ಕೋಟಿ ಲೀಟರ್. ಅಷ್ಟಾದ ಮೇಲೂ ಇದನ್ನು ಕುಡಿಯೋಕೆ ಕೊಡ್ತಿಲ್ಲ. ಬೇರೆ ಮರುಬಳಕೆ ನೀರಿನ ಜೊತೆ ಬೆರೆಸಿ ತೋಟಕ್ಕೆ, ಕಾರ್ಖಾನೆಗೆ ಕೊಡ್ತಾರೆ, ನೇರಳೆ ಬಣ್ಣದ ಪೈಪಿನಲ್ಲಿ. ದಕ್ಷಿಣದ ಆರೆಂಜ್ ಕೌಂಟಿ ಮಾತ್ರ 2008ರಿಂದ ಇಂಥ ನೀರನ್ನು ಅಂತರ್ಜಲಕ್ಕೆ ಸೇರಿಸಿ ಕುಡೀತಿದೆ. ಅಲ್ಲಿನ ಹಿಂದಿನ ತಲೆಮಾರಿನ ಘಟಕ, 1970ರ ದಶಕದ ವಾಟರ್ ಫ್ಯಾಕ್ಟರಿ 21, ನೀರಿನಲ್ಲಿ ಉಳಿಯೋ ಸೂಕ್ಷ್ಮ ರಾಸಾಯನಿಕಗಳನ್ನ ವರ್ಷಗಟ್ಟಲೆ ಬೆನ್ನಟ್ಟಿ ಅಳೆದವರು ಸ್ಟ್ಯಾನ್‌ಫರ್ಡಿನ ಪೆರ್ರಿ ಮೆಕಾರ್ಟಿ ಮತ್ತು ಸಂಗಡಿಗರು. ಮೆಕಾರ್ಟಿಗೆ 2007ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಬಂತು. ನಮ್ಮಲ್ಲಿ ಎಷ್ಟು ಜನ ಆ ಹೆಸರು ಕೇಳಿದ್ದೀವಿ? ಸಂಸ್ಕರಿಸಿದ ನೀರನ್ನ ನೇರವಾಗಿ ಕುಡಿಯೋ ನೀರಿನ ಜಾಲಕ್ಕೆ ಸೇರಿಸೋ ನಿಯಮವನ್ನ ಕ್ಯಾಲಿಫೋರ್ನಿಯಾ ಒಪ್ಪಿದ್ದು 2023ರ ಡಿಸೆಂಬರ್‌ನಲ್ಲಿ. ಸುಮಾರು ಅರ್ಧ ಶತಮಾನದ ಅಳತೆ ಆದ ಮೇಲೆ.

ಇದನ್ನ ಇಟ್ಕೊಂಡು ಕೋಲಾರಕ್ಕೆ ವಾಪಸ್ ಬನ್ನಿ. ಅಲ್ಲಿಗೆ ಹೋಗ್ತಿರೋದು ಎರಡನೇ ಹಂತದ ಸಂಸ್ಕರಣೆ ಆದ ನೀರು. 2018ರಲ್ಲೇ ಲಕ್ಷ್ಮೀಸಾಗರದಲ್ಲಿ ನೊರೆ ಕಾಣಿಸಿತು, ಪ್ರಕರಣ ಹೈಕೋರ್ಟಿಗೆ, 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. ಮೂರನೇ ಹಂತ ಬೇಕು ಅಂತ ರೈತ ಹೋರಾಟಗಾರರು ಅವತ್ತಿಂದ ಕೇಳ್ತಿದ್ದಾರೆ. ಇನ್ನೊಂದು ಕಡೆ, ಅಂತರ್ಜಲ ಮೇಲೆ ಬಂದಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ದಾಖಲಿಸಿವೆ. ಎರಡೂ ನಿಜ. 'ವಿಷ ಹರಿಸ್ತಿದ್ದಾರೆ' ಅನ್ನೋರೂ, 'ನೀರು ಬಂತಲ್ಲ, ಸುಮ್ನಿರಿ' ಅನ್ನೋರೂ ಅರ್ಧ ನಿಜ ಹಿಡ್ಕೊಂಡು ಕೂತಿದ್ದಾರೆ ಅಂತ ನಮಗನ್ನಿಸುತ್ತೆ.

ನಮ್ಮ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀವಿ. ಕೆ.ಸಿ. ವ್ಯಾಲಿ ನಿಲ್ಲಬಾರದು. ಆದ್ರೆ ಮೂರನೇ ಹಂತ ಕೇಳೋರು ವಿಜ್ಞಾನದ ವಿರೋಧಿಗಳಲ್ಲ. ಸ್ಯಾನ್ ಹೋಸೆ ತನ್ನ ಹುಲ್ಲುಹಾಸಿಗೆ ಕೊಡೋ ಮರ್ಯಾದೆಯನ್ನ ಅವರು ತಮ್ಮ ಬೋರ್‌ವೆಲ್ಲಿಗೆ ಕೇಳ್ತಿದ್ದಾರೆ, ಅಷ್ಟೇ. ಅದಕ್ಕಿಂತ ಮೊದಲು ಆಗಬೇಕಾದ, ಖರ್ಚೂ ಕಡಿಮೆ ಇರೋ ಕೆಲಸ ಒಂದಿದೆ: ಪ್ರತಿ ಕೆರೆಯ, ಅದರ ಸುತ್ತಲ ಬಾವಿಗಳ ನೀರನ್ನು ನಿಯಮಿತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯಿತಿ ಗೋಡೆ ಮೇಲೆ ಹಾಕೋದು. ಕೋರ್ಟಿಗೆ ಹೋದ್ರೆ ಮಾತ್ರ ಸಿಗೋ ಹಾಗಲ್ಲ. ಭಾರ ಲೋಹ, ರೋಗಾಣು, ನೈಟ್ರೇಟು. ಫ್ಲೋರೈಡಂತೂ ಆ ಸೀಮೆಯಲ್ಲಿ ಮೊದಲಿಂದ ಇರೋದೇ. ಅದಕ್ಕೆ ಚರಂಡಿ ಬೇಕಿಲ್ಲ, ಆಳದ ಬಂಡೆಯೇ ಸಾಕು.

ದುಡ್ಡು ಹಾಕ್ತೀವಿ ಅಂದವರಿಗೂ ಇದೇ ಉತ್ತರ. ಯಂತ್ರ ಕಳಿಸೋದು ಸುಲಭ, ಉದ್ಘಾಟನೆ ಫೋಟೋ ಚೆನ್ನಾಗಿ ಬರುತ್ತೆ. ಊರೂರಿಗೂ ಬಂದ ಶುದ್ಧ ಕುಡಿಯುವ ನೀರಿನ ಘಟಕಗಳ ಕಥೆ ಏನಾಯ್ತು? ನಾಣ್ಯ ಹಾಕಿದ್ರೆ ಕ್ಯಾನ್ ತುಂಬುತ್ತೆ, ಸರಿ. ಪೊರೆ ಕಟ್ಟಿಕೊಂಡ ದಿನ ಅದನ್ನ ಬದಲಾಯಿಸೋರು ಯಾರು ಅಂತ ಯಾರೂ ಬರೆದಿಟ್ಟಿರಲ್ಲ. ಅನೇಕ ಊರಲ್ಲಿ ಘಟಕದ ಬಾಗಿಲಿಗೆ ಬೀಗ. ನಡೀತಿರೋ ಕಡೆ ಕೊಡೋ ನೀರಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಉಪ್ಪು-ಫ್ಲೋರೈಡ್ ಗಟ್ಟಿಯಾದ ನೀರು ಮೋರಿಗೆ.

ಯಂತ್ರದ ಜೊತೆ ಮನುಷ್ಯರನ್ನೂ ಲೆಕ್ಕಕ್ಕೆ ತಗೊಂಡವರು ಇಲ್ಲೇ ಇದ್ದಾರೆ. ಬರ್ಕ್ಲಿಯ ಅಶೋಕ್ ಗಾಡ್ಗೀಳ್. 1990ರ ದಶಕದಲ್ಲಿ ಬಂಗಾಳದ ಕಾಲರಾ ನೋಡಿ ಅತಿನೇರಳೆ ಬೆಳಕಿನ ನೀರಿನ ಸಾಧನ ಮಾಡಿದವರು. ಆಮೇಲೆ ಆರ್ಸೆನಿಕ್ ತೆಗೆಯೋಕೆ ಹೊರಟರು. ಕಬ್ಬಿಣದ ತಗಡಿಗೆ ಸಣ್ಣ ವಿದ್ಯುತ್ ಹರಿಸಿದ್ರೆ ನೀರಲ್ಲೇ ತುಕ್ಕು ಹುಟ್ಟಿ ಆರ್ಸೆನಿಕ್ಕನ್ನು ಹಿಡ್ಕೊಂಡು ತಳಕ್ಕೆ ಕೂರುತ್ತೆ. ಕೇಳೋಕೆ ನೊಬೆಲ್ ರಸಾಯನದ ಹಾಗಿಲ್ಲ, ಬರೀ ತುಕ್ಕು! ಅದನ್ನ ಪ್ರಯೋಗಾಲಯದಿಂದ ಪಶ್ಚಿಮ ಬಂಗಾಳದ ಧಪ್‌ಧಪಿಯ ಶಾಲೆಯಲ್ಲಿ ದಿನಕ್ಕೆ 10,000 ಲೀಟರ್ ಘಟಕದವರೆಗೆ ತರೋಕೆ ಅವರ ತಂಡಕ್ಕೆ ಸುಮಾರು ಹತ್ತು ವರ್ಷ ಹಿಡೀತು. ಆ ವರ್ಷಗಳಲ್ಲಿ ದೊಡ್ಡ ಪಾಲು ಹೋಗಿದ್ದು ರಸಾಯನಕ್ಕಲ್ಲ. ನಡೆಸೋರು ಯಾರು, ಕೆಸರನ್ನ ಏನು ಮಾಡೋದು, ಲೀಟರಿಗೆ ಎಷ್ಟು ಪೈಸೆ ತಗೊಂಡ್ರೆ ಘಟಕ ತನ್ನ ಕಾಲ ಮೇಲೆ ನಿಲ್ಲುತ್ತೆ, ಇಂಥವಕ್ಕೆ.

ಆರೋಗ್ಯದ ಸಲಕರಣೆಗಳಲ್ಲೂ ಇದೇ ಪಾಠ. ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಉಗಾಂಡದ ಒಂದು ಚಿಕಿತ್ಸಾಲಯದಲ್ಲಿ, ಕರೆಂಟಿಲ್ಲದ ಕಾರಣ, ರಕ್ತ ಬೇರ್ಪಡಿಸೋ ಸೆಂಟ್ರಿಫ್ಯೂಜನ್ನ ಬಾಗಿಲಿಗೆ ಒತ್ತು ಕೊಟ್ಟಿದ್ದನ್ನ ನೋಡಿದರು. ಅದರಿಂದ ಹುಟ್ಟಿದ್ದು 2017ರ ಪೇಪರ್‌ಫ್ಯೂಜ್. ಸೋಡಾ ಮುಚ್ಚಳ ಜಜ್ಜಿ, ಎರಡು ತೂತು ಕೊರೆದು, ದಾರ ಪೋಣಿಸಿ ಎಳೆದು ಬಿಡ್ತಿದ್ವಲ್ಲ, ಗುಂಯ್ ಅಂತಿತ್ತಲ್ಲ, ಅದೇ. ಕಾಗದದ್ದು, 20 ಸೆಂಟು ಬೆಲೆ, ನಿಮಿಷಕ್ಕೆ 1.25 ಲಕ್ಷ ಸುತ್ತು. ಕೆಟ್ಟರೆ ಇನ್ನೊಂದು ಮಾಡ್ಕೊಳ್ಳಿ.

ಬೆಂಗಳೂರಿನ ಜಕ್ಕೂರಿಗೆ ಹೋದಾಗ ಗಮನಿಸಿ. ಸಿ.ಎನ್.ಆರ್. ರಾವ್ 1989ರಲ್ಲಿ ಕಟ್ಟಿದ ಜವಾಹರಲಾಲ್ ನೆಹರು ಕೇಂದ್ರ ಅಲ್ಲಿದೆ. ಗೂಡುಗೂಡಾದ ವಸ್ತುಗಳ ಮೇಲೆ, ಎಂಒಎಫ್‌ಗಳ ಮೇಲೂ, ಅಲ್ಲಿ ಕೆಲಸ ನಡೆದಿದೆ. ಸ್ವಲ್ಪ ದೂರದಲ್ಲೇ ಜಕ್ಕೂರು ಕೆರೆ. ಸಂಸ್ಕರಿಸಿದ ಚರಂಡಿ ನೀರು ಮೊದಲು ಜೊಂಡು ಬೆಳೆದ ಜೌಗಿನ ಮೂಲಕ ಹಾದು, ಉಳಿದ ಕೊಳೆ ಕಳ್ಕೊಂಡು ಕೆರೆ ಸೇರುತ್ತೆ. ಮೊದಲನೆಯದರ ಬಗ್ಗೆ ನಾವು ಈಗಾಗಲೇ ಸಾಕಷ್ಟು ಮಾತಾಡಿದ್ದೀವಿ. ಮುಂದಿನ ಕಂತು ಎರಡನೆಯದರದ್ದು.

ಅದಕ್ಕೆ ನಿಮ್ಮಿಂದ ಸಹಾಯ ಬೇಕು. ಊರಿಗೆ ಫೋನ್ ಮಾಡಿದಾಗ ಮೂರು ಪ್ರಶ್ನೆ ಕೇಳಿ: ಊರಿನ ನೀರಿನ ಘಟಕ ಇವತ್ತು ನಡೀತಿದೆಯಾ? ಕೆಟ್ಟಾಗ ಯಾರು ಬರ್ತಾರೆ? ನೀರಿನ ಪರೀಕ್ಷೆಯ ಚೀಟಿಯನ್ನ ಯಾರಾದ್ರೂ ಕಣ್ಣಾರೆ ನೋಡಿದ್ದಾರಾ? ಉತ್ತರವನ್ನ ಊರಿನ ಹೆಸರಿನ ಜೊತೆ ಧ್ವನಿ ಸಂದೇಶ ಮಾಡಿ ಕಳಿಸಿ, ಎರಡು ನಿಮಿಷ ಸಾಕು. ಇಲ್ಲೇ ಇರೋರಿಗೆ ಇನ್ನೊಂದು ಮಾತು: ಆಲ್ವಿಸೊ ಪಕ್ಕದ ಆ ಕೇಂದ್ರವನ್ನ ಸಾರ್ವಜನಿಕರೂ ಹೋಗಿ ನೋಡಬಹುದು. ಅಪ್ಪ-ಅಮ್ಮ ಬಂದಾಗ ಗೋಲ್ಡನ್ ಗೇಟ್ ಆದ ಮೇಲೆ ಒಂದು ಬೆಳಗ್ಗೆ ಅಲ್ಲಿಗೂ ಕರ್ಕೊಂಡು ಹೋಗಿ.