ಮುತ್ತಿನ ಹೊಳಪು: ಸಂಸ್ಕರಣೆಯ ವಿವರ ಬಿಲ್ಲಿನಲ್ಲಿರಲಿ

ತುಮಕೂರು ನಗರದ ಆಭರಣ ಮಳಿಗೆಗಳಲ್ಲಿಯೂ ಗುಬ್ಬಿ, ಕುಣಿಗಲ್‌ಗಳ ಚಿನ್ನ-ಬೆಳ್ಳಿ ಅಂಗಡಿಗಳಲ್ಲಿಯೂ ಮುತ್ತಿನ ಸರವೆಂದರೆ ‘ಹೈದರಾಬಾದ್ ಮುತ್ತು’ ಎಂದೇ ರೂಢಿ. ವಾಸ್ತವವಾಗಿ ಹೈದರಾಬಾದು ಮುತ್ತು ಬೆಳೆಯುವ ಊರಲ್ಲ. ರಂಧ್ರ ಕೊರೆದು, ಬಿಳುಪುಗೊಳಿಸಿ, ಪೋಣಿಸುವ ಊರು. ಅಲ್ಲಿಗೆ ಬರುವ ಸರಕಿನ ದೊಡ್ಡ ಪಾಲು ಚೀನಾದ ಸಿಹಿನೀರಿನ ಕೃಷಿ ಮುತ್ತು.

ಕೃಷಿ ಮುತ್ತೂ ನಿಜವಾದ ಮುತ್ತೇ. ಪ್ರಶ್ನೆ ಇರುವುದು ಚಿಪ್ಪಿನಿಂದ ತೆಗೆದ ಅನಂತರದ ಕೆಲಸದಲ್ಲಿ. ಅರಗೊನೈಟ್ ಎಂಬ ಖನಿಜದ ತೆಳುಪದರಗಳು ಒತ್ತೊತ್ತಾಗಿ ಕೂಡಿದಾಗ ಸಹಜ ಹೊಳಪು ಹುಟ್ಟುತ್ತದೆ. ಕಲೆ ಹೋಗಲೆಂದು ಮುತ್ತನ್ನು ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣದಲ್ಲಿ ನೆನೆಯಿಡುತ್ತಾರೆ. ಇದು ಅತಿಯಾದರೆ ಪದರವೇ ಪೆಡಸಾಗುತ್ತದೆ. ಗುಲಾಬಿ ಛಾಯೆಗೆ ಬಣ್ಣ, ಕಪ್ಪು ಛಾಯೆಗೆ ಬಣ್ಣ ಅಥವಾ ಗಾಮಾ ಕಿರಣ, ಮಂಕಾದ ಮುತ್ತಿಗೆ ಮೇಣ ಇಲ್ಲವೇ ಪಾರದರ್ಶಕ ಲೇಪ ಬಳಸುವುದೂ ಉಂಟು.

ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಬಿಳುಪುಗೊಳಿಸುವುದು ಈ ವ್ಯಾಪಾರದಲ್ಲಿ ಸರ್ವಸಾಮಾನ್ಯ. ಬಣ್ಣ ಮತ್ತು ಲೇಪದ ಮಾತು ಬೇರೆ. ಬೆವರು, ಸುಗಂಧದ್ರವ್ಯ, ಉಜ್ಜಾಟಗಳಿಗೆ ಲೇಪ ಸವೆದರೆ ಗಿರಾಕಿ ಬರುವುದು ಕುಣಿಗಲ್ಲಿನ ಅಂಗಡಿಗೇ ಹೊರತು ದೂರದ ಸಗಟು ವ್ಯಾಪಾರಿಯ ಬಳಿಗಲ್ಲ. ಗುಬ್ಬಿ ವೀರಣ್ಣನವರ ಊರಿನಲ್ಲಿ ರಂಗದ ಮೇಲಿನ ಹುಸಿ ಮುತ್ತಿನಿಂದ ಯಾರೂ ಮೋಸಹೋಗಲಿಲ್ಲ. ಅದು ನಾಟಕವೆಂದು ಎಲ್ಲರೂ ಬಲ್ಲರು. ಅಂಗಡಿಯ ಮುತ್ತಿಗೆ ಆ ರಿಯಾಯಿತಿ ಇಲ್ಲ.

2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಾಗಿರುವ ಚಿನ್ನಕ್ಕೆ ಆರು ಅಕ್ಷರ-ಅಂಕಿಗಳ ಗುರುತು ಇರಲೇಬೇಕು. ಮುತ್ತಿಗೆ ಅಂಥ ಮುದ್ರೆಯಿಲ್ಲ. ಬಿಲ್ಲೇ ಅದರ ಸಾಕ್ಷಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿ. ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು.

‘ಬಣ್ಣ ಹಾಕಿದ್ದು’ ಎಂದು ಬರೆದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುವನೆಂಬುದು ವರ್ತಕರ ಅಳುಕು. ಅದು ನಿರಾಧಾರವೇನಲ್ಲ. ಒಬ್ಬಿಬ್ಬರು ಬರೆದರೆ ಅವರಿಗೇ ನಷ್ಟ. ಮೂರೂ ಊರುಗಳ ಆಭರಣ ವರ್ತಕರು ಒಟ್ಟಾಗಿ ‘ಬಿಳುಪುಗೊಳಿಸಿದ್ದು’, ‘ಬಣ್ಣ ಹಾಕಿದ್ದು’, ‘ಲೇಪಿತ’ ಎಂಬ ಮೂರು ಪದಗಳನ್ನು ಒಪ್ಪಿಕೊಂಡು, ಮೊದಲು ಸಗಟು ಬಿಲ್ಲಿನಲ್ಲಿಯೇ ಅವನ್ನು ಬರೆಸಿಕೊಳ್ಳತಕ್ಕದ್ದು. ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿದಾಗ ರಂಧ್ರದ ಅಂಚಿನಲ್ಲಿ ಬಣ್ಣ ಗಾಢವಾಗಿ ನಿಂತಿದ್ದರೆ ಸಂಶಯಕ್ಕೆ ಕಾರಣವುಂಟು. ಬರೆದುಕೊಡಲು ಒಪ್ಪದ ಸಗಟುದಾರರ ಸರಕನ್ನು ಬಣ್ಣ ಹಾಕಿದ ಮುತ್ತಿನ ದರಕ್ಕಷ್ಟೇ ಕೇಳಬೇಕು.